ಇಂದಿನ ಧಮ್ಮ ಚಿಂತನೆ: ಮಾತಾಡುವ ಕಾಲ ಯಾವುದು?



ಬಂಧುಗಳೇ, ಇಂದು ಏಪ್ರಿಲ್ 4. ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಸ್ವಲ್ಪ ಉದ್ದವಾಗಿದೆ, ಸಂಜೆ ಬಿಡುವಾದಾಗ ಓದಿದರೂ ಆದೀತು.

ಕಳೆದ ಭಾನುವಾರ ನಾವು ಮಜ್ಝಿಮ ನಿಕಾಯದ ಅಭಯ ರಾಜಕುಮಾರ ಸುತ್ತ ಓದಿದೆವು. ಬಾರದೆ ಇದ್ದವರಿಗಾಗಿ ಎರಡು ಮಾತು. ತಥಾಗತರು ಬೇರೆಯವರಿಗೆ ಕಹಿಯಾಗುವ ಮಾತನ್ನು ಆಡುತ್ತಾರೆಯೇ ಎಂದು ಅಭಯ ಕೇಳುತ್ತಾನೆ. ಅವನ ತೊಡೆಯ ಮೇಲೆ ಎಳೆಮಗುವೊಂದು ಮಲಗಿರುತ್ತದೆ. ಈ ಮಗು ಕಡ್ಡಿಯನ್ನೋ ಕಲ್ಲಿನ ಹರಳನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯ ಎಂದು ಬುದ್ಧರು ತಿರುಗಿ ಕೇಳುತ್ತಾರೆ. ರಕ್ತ ಬಂದರೂ ಸರಿ, ಬೆರಳು ಹಾಕಿ ಹೊರಗೆ ತೆಗೆಯುತ್ತೇನೆ, ಯಾಕೆಂದರೆ ಮಗುವಿನ ಮೇಲೆ ನನಗೆ ಕರುಣೆ ಇದೆ ಅನ್ನುತ್ತಾನೆ ಅಭಯ. ತಥಾಗತರ ಮಾತೂ ಹಾಗೆಯೇ. ನಿಜವಾದದ್ದು, ಹಿತವಾದದ್ದು ಕೇಳುವವರಿಗೆ ಕಹಿಯಾದರೂ ಅದನ್ನು ಆಡುತ್ತಾರೆ. ಆದರೆ ಕಾಲವನ್ನು ಅರಿತು ಆಡುತ್ತಾರೆ.

ಓದು ಮುಗಿದ ಮೇಲೆ ನಮ್ಮ ಹುಡುಗನೊಬ್ಬ ಎದ್ದು, ಆ ಕಾಲ ಬಂತು ಅಂತ ಗೊತ್ತಾಗುವುದು ಹೇಗೆ ಎಂದು ಕೇಳಿದ. ಲೋಕದಲ್ಲಿ ಯುದ್ಧ ನಡೆಯುತ್ತಿರುವಾಗ, ಕೂಲಿಯವರ ಕೂಲಿ ಸರಿಯಾಗಿ ಸಿಗದಿರುವಾಗ ನಮ್ಮಂಥ ಕೂಟಗಳು ಮಾತಾಡಬೇಕೋ ಬೇಡವೋ ಎಂದೂ ಕೇಳಿದ. ಇದು ಧಮ್ಮದ ಕೂಟ, ಅದೆಲ್ಲ ಇಲ್ಲಿ ಬೇಡ ಎಂದು ಹಿರಿಯರೊಬ್ಬರು ಸುಮ್ಮನಾಗಿಸಿದರು. ನಾನೂ ಸುಮ್ಮನೆ ಕೂತಿದ್ದೆ. ನನ್ನ ಮೌನಕ್ಕೆ ಹಳೆಯ ಕಾರಣವೊಂದಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ಇದೇ ಪ್ರಶ್ನೆಯನ್ನು ಎದೆಯಲ್ಲಿ ಇಟ್ಟುಕೊಂಡು ಎರಡು ವರ್ಷ ಒದ್ದಾಡಿದ ಒಬ್ಬರ ಬದುಕನ್ನು ಹೇಳಬೇಕು. ಅವರು ಬೌದ್ಧರಲ್ಲ, ಕ್ರೈಸ್ತ ಪಾದ್ರಿ. ಆದರೆ ಅವರ ಬಾಗಿಲು ತಟ್ಟಿದವರು ಒಬ್ಬ ಬೌದ್ಧ ಭಿಕ್ಷು.

ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದು 1929ರ ಜನವರಿ 15ರಂದು, ಅಮೆರಿಕದ ದಕ್ಷಿಣದ ಅಟ್ಲಾಂಟಾ ನಗರದಲ್ಲಿ. ತಾಯಿಯ ತಂದೆ ಪಾದ್ರಿ, ತಂದೆಯೂ ಪಾದ್ರಿ, ಇಬ್ಬರೂ ಎಬನೇಜರ್ ಬ್ಯಾಪ್ಟಿಸ್ಟ್ ಚರ್ಚಿನವರು. ಕರಿಯರಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬಸ್ಸಿನಲ್ಲಿ ಹಿಂದಿನ ಸೀಟು ಎಂಬ ಕಾಲ ಅದು. ನಮ್ಮ ಹಿರಿಯರು ಹೋಟೆಲಿನ ಹೊರಗೆ ಬೇರೆ ಲೋಟದಲ್ಲಿ ಟೀ ಕುಡಿದ ಕಾಲವನ್ನು ನೆನೆದರೆ ಸಾಕು, ಹೆಚ್ಚಿಗೆ ವಿವರಿಸಬೇಕಿಲ್ಲ.

ಓದಿನಲ್ಲಿ ಅವರು ಚುರುಕು. 1955ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅದಕ್ಕೆ ಒಂದು ವರ್ಷ ಮೊದಲೇ ಮಾಂಟ್‌ಗೊಮರಿ ಎಂಬ ಊರಿನ ಚರ್ಚಿಗೆ ಪಾದ್ರಿಯಾಗಿ ಸೇರಿದ್ದರು. 1955ರ ಡಿಸೆಂಬರ್ 1ರಂದು ಅಲ್ಲಿ ರೋಸಾ ಪಾರ್ಕ್ಸ್ ಎಂಬ ಹೆಣ್ಣುಮಗಳು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲ. ಅವರನ್ನು ಬಂಧಿಸಿದರು. ಊರಿನ ಕರಿಯರೆಲ್ಲ ಬಸ್ಸು ಹತ್ತುವುದನ್ನೇ ನಿಲ್ಲಿಸಿದರು. ಈ ಹೋರಾಟದ ಮುಂದಾಳಾಗಿ 26 ವರ್ಷದ ಕಿಂಗ್ ಅವರನ್ನು ಆರಿಸಿದರು. 381 ದಿನ ಜನ ನಡೆದುಕೊಂಡೇ ಕೆಲಸಕ್ಕೆ ಹೋದರು. ನಡುವೆ ಕಿಂಗ್ ಅವರ ಮನೆಗೆ ಬಾಂಬ್ ಎಸೆದರು. ಹೆಂಡತಿ ಕೊರೆಟಾ, ಎಳೆ ಕೂಸು ಮನೆಯಲ್ಲೇ ಇದ್ದರು, ಪುಣ್ಯಕ್ಕೆ ಉಳಿದರು. ಸಿಟ್ಟಿನಿಂದ ಕೈಗೆ ಸಿಕ್ಕಿದ್ದನ್ನು ಹಿಡಿದು ನೆರೆದ ಜನರನ್ನು ಸಮಾಧಾನ ಮಾಡಿ ಮನೆಗೆ ಕಳುಹಿಸಿದವರು ಕಿಂಗ್ ಅವರೇ. ಕೊನೆಗೆ ಸುಪ್ರೀಂ ಕೋರ್ಟ್ ಬಸ್ಸಿನ ಭೇದ ತಪ್ಪು ಎಂದು ತೀರ್ಪು ಕೊಟ್ಟಿತು.

1959ರಲ್ಲಿ ಅವರು ಭಾರತಕ್ಕೆ ಬಂದರು, ತಿಂಗಳ ಕಾಲ ಸುತ್ತಿದರು. ತಿರುವನಂತಪುರದ ಒಂದು ಶಾಲೆಯಲ್ಲಿ ನಡೆದದ್ದನ್ನು ಅವರೇ ಆಮೇಲೆ ತಮ್ಮ ಚರ್ಚಿನಲ್ಲಿ ಹೇಳಿಕೊಂಡಿದ್ದಾರೆ. ಅಸ್ಪೃಶ್ಯ ಮನೆತನಗಳಿಂದ ಬಂದ ಮಕ್ಕಳ ಮುಂದೆ ಅವರನ್ನು ಪರಿಚಯಿಸುವಾಗ, ಅಲ್ಲಿನ ಮುಖ್ಯೋಪಾಧ್ಯಾಯರು ಇವರೂ ಅಮೆರಿಕದ ಒಬ್ಬ ಅಸ್ಪೃಶ್ಯರು ಎಂದರಂತೆ. ಕಿಂಗ್ ಅವರಿಗೆ ಮೊದಲು ಚುರುಕ್ಕೆಂದಿತು. ಆಮೇಲೆ ತಮ್ಮ ದೇಶದ ಎರಡು ಕೋಟಿ ಕರಿಯರ ಬದುಕನ್ನು ನೆನೆದು, ಹೌದು, ನಾನೂ ಅಸ್ಪೃಶ್ಯನೇ ಎಂದು ಒಳಗೇ ಒಪ್ಪಿಕೊಂಡರು.

1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿ ಇದ್ದಾಗ, ಆ ಊರಿನ ಎಂಟು ಜನ ಬಿಳಿಯ ಧರ್ಮಗುರುಗಳು ಸೇರಿ ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟರು. ಇವರ ಚಳವಳಿಗೆ ಇದು ಸಮಯವಲ್ಲ, ಸ್ವಲ್ಪ ತಾಳಬೇಕು ಎಂಬುದು ಅದರ ಸಾರ. ಜೈಲಿನಿಂದಲೇ ಕಿಂಗ್ ಅದಕ್ಕೆ ಉದ್ದದ ಉತ್ತರ ಬರೆದರು. ತಾಳು ತಾಳು ಎಂದವರ ಬಾಯಲ್ಲಿ ತಾಳು ಎಂದರೆ ಯಾವತ್ತೂ ಬೇಡ ಎಂದೇ ಅರ್ಥವಾಗಿದೆ ಎಂದು ಅವರು ಅದರಲ್ಲಿ ತೋರಿಸಿದರು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಎರಡು ವರ್ಷದಲ್ಲಿ ಇದೇ ಮಾತು ಅವರನ್ನೇ ಹುಡುಕಿಕೊಂಡು ಬರುತ್ತದೆ.

ಅದೇ ವರ್ಷ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಎರಡೂವರೆ ಲಕ್ಷ ಜನ ಸೇರಿದರು. ಆ ಮೆರವಣಿಗೆಯ ಹೆಸರಿನಲ್ಲಿ ಸ್ವಾತಂತ್ರ್ಯದ ಜೊತೆ ಉದ್ಯೋಗವೂ ಇತ್ತು, ಅದನ್ನು ಜನ ಈಗ ಮರೆತಿದ್ದಾರೆ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಅದೇ ವರ್ಷ 35ನೇ ವಯಸ್ಸಿಗೆ ನೊಬೆಲ್ ಶಾಂತಿ ಪ್ರಶಸ್ತಿ. ಬಂದ ಹಣವನ್ನು ಚಳವಳಿಗೆ ಕೊಟ್ಟುಬಿಟ್ಟರು. 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ. ಅಧ್ಯಕ್ಷ ಜಾನ್ಸನ್ ಈ ಎರಡೂ ಕಾಯ್ದೆಗಳಿಗೆ ಬೆಂಬಲವಾಗಿ ನಿಂತವರು, ಕಿಂಗ್ ಅವರನ್ನು ಮನೆಗೆ ಕರೆದು ಮಾತಾಡುತ್ತಿದ್ದವರು.

ಅದೇ ಜಾನ್ಸನ್ 1965ರ ಮಾರ್ಚಿನಲ್ಲಿ ವಿಯೆಟ್ನಾಮಿಗೆ ಕಾಲಾಳು ಪಡೆ ಇಳಿಸಿದರು. ಬಾಂಬ್ ದಾಳಿ ದಿನೇದಿನೇ ಹೆಚ್ಚಿತು.

ಈಗ ನಮ್ಮವರ ಕಡೆ ಬರೋಣ. ವಿಯೆಟ್ನಾಮಿನ ಬೌದ್ಧರು ಆ ಹೊತ್ತಿಗೆ ಬಹಳ ನೋವು ಉಂಡಿದ್ದರು. 1963ರ ಮೇ ತಿಂಗಳಲ್ಲಿ ಹ್ಯೂ ನಗರದಲ್ಲಿ ವೈಶಾಖದ ಹಬ್ಬಕ್ಕೆ ಬೌದ್ಧ ಬಾವುಟ ಹಾರಿಸಬಾರದು ಎಂದು ಅಲ್ಲಿನ ಸರ್ಕಾರ ತಡೆಯಿತು, ಪ್ರತಿಭಟಿಸಿದವರಲ್ಲಿ ಕೆಲವರು ಸತ್ತರು. ಜೂನ್ 11ರಂದು ಸೈಗಾನ್ ರಸ್ತೆಯಲ್ಲಿ ಥಿಚ್ ಕ್ವಾಂಗ್ ಡುಕ್ ಎಂಬ ಹಿರಿಯ ಭಿಕ್ಷು ಪದ್ಮಾಸನದಲ್ಲಿ ಕೂತು ತಮ್ಮನ್ನು ಸುಟ್ಟುಕೊಂಡರು. ಲೋಕವೆಲ್ಲ ಆ ಚಿತ್ರ ನೋಡಿ ಬೆಚ್ಚಿತು, ಆದರೆ ಅರ್ಥ ಮಾಡಿಕೊಂಡವರು ಕಡಿಮೆ.

1965ರ ಜೂನ್ 1ರಂದು ಥಿಚ್ ನಾತ್ ಹಾನ್ ಎಂಬ ಭಿಕ್ಷು ಕಿಂಗ್ ಅವರಿಗೆ ಪತ್ರ ಬರೆದರು. ಆಗ ಅವರಿಗೆ 38 ವರ್ಷ. ಬಾಂಬಿಗೆ ತುತ್ತಾದ ಹಳ್ಳಿಗಳನ್ನು ಮತ್ತೆ ಕಟ್ಟಲು ತರುಣರನ್ನು ಸಿದ್ಧಮಾಡುತ್ತಿದ್ದರು. ಆ ಭಿಕ್ಷು ಸುಟ್ಟುಕೊಂಡದ್ದು ಹತಾಶೆಯಿಂದಲ್ಲ, ಜನರ ನೋವನ್ನು ಲೋಕಕ್ಕೆ ಕೇಳಿಸಲು ಎಂದು ವಿವರಿಸಿದರು. ಮನುಷ್ಯನ ಶತ್ರು ಇನ್ನೊಬ್ಬ ಮನುಷ್ಯ ಅಲ್ಲ, ದ್ವೇಷ, ಲೋಭ, ಮತಾಂಧತೆ ಎಂದರು. ನೀವು ಭೇದದ ವಿರುದ್ಧ ಮಾಡುತ್ತಿರುವ ಹೋರಾಟವೂ ಅದೇ ಅಲ್ಲವೇ, ಹಾಗಿದ್ದ ಮೇಲೆ ಈ ಯುದ್ಧದ ಬಗ್ಗೆ ಸುಮ್ಮನೆ ಇರಲಾರಿರಿ ಎಂದು ವಿನಯದಿಂದ ಕೇಳಿಕೊಂಡರು.

ಕಿಂಗ್ ಏನು ಮಾಡಿದರು? ಆ ವರ್ಷ ಒಂದೆರಡು ಸಲ, ಮಾತುಕತೆಯಿಂದ ಯುದ್ಧ ನಿಲ್ಲಿಸಿ ಎಂದು ಹೇಳಿದರು. ಕೂಡಲೇ ಟೀಕೆ ಬಂತು. ಪಾದ್ರಿಗೆ ವಿದೇಶಾಂಗದ ವಿಷಯ ಯಾಕೆ ಎಂದರು. ಅಧ್ಯಕ್ಷರ ಮುನಿಸು ಕಟ್ಟಿಕೊಂಡರೆ ಕರಿಯರಿಗೆ ಸಿಗಬೇಕಾದದ್ದು ಕೈತಪ್ಪುತ್ತದೆ, ದೇಣಿಗೆ ನಿಲ್ಲುತ್ತದೆ, ಈಗ ಸಮಯವಲ್ಲ ಎಂದು ಅವರ ಜೊತೆಗಾರರೇ ಎಚ್ಚರಿಸಿದರು. ಕಿಂಗ್ ದನಿ ತಗ್ಗಿಸಿದರು. ಮನೆಯಲ್ಲಿ ಕೊರೆಟಾ ಅವರಿಗಿಂತ ಮೊದಲೇ ಯುದ್ಧವಿರೋಧಿ ಸಭೆಗಳಿಗೆ ಹೋಗಿ ಮಾತಾಡುತ್ತಿದ್ದರು. ಲೋಕವೇ ಧೀರ ಎಂದು ಕೊಂಡಾಡಿದ ಗಂಡ ಹಿಂದೆಮುಂದೆ ನೋಡುತ್ತಿದ್ದರು.

ಬಂಧುಗಳೇ, ಅವರ ಬದುಕಿನಲ್ಲಿ ನನಗೆ ಬಹಳ ಹತ್ತಿರವಾದದ್ದು ಈ ಎರಡು ವರ್ಷ. ಜೈಲು, ಬಾಂಬು, ಹೊಡೆತ ಯಾವುದಕ್ಕೂ ಅಂಜದವರು ಇಲ್ಲಿ ಅಂಜಿದರು. ಅದು ತಮ್ಮ ಜೀವದ ಅಂಜಿಕೆಯಲ್ಲ. ಕಷ್ಟಪಟ್ಟು ಗಳಿಸಿದ್ದನ್ನು, ತಮ್ಮ ಜನರಿಗೆ ಸಿಗುತ್ತಿದ್ದ ಒಳ್ಳೆಯದನ್ನು ಕಳೆದುಕೊಳ್ಳುವ ಅಂಜಿಕೆ. ಇಂಥ ಅಂಜಿಕೆ ವಿವೇಕದ ವೇಷದಲ್ಲಿ ಬರುತ್ತದೆ, ಅದಕ್ಕೇ ಗುರುತು ಹಿಡಿಯುವುದು ಕಷ್ಟ.

1966ರ ಜನವರಿಯಲ್ಲಿ ಅವರು ಉತ್ತರದ ಶಿಕಾಗೋಗೆ ಹೋಗಿ ಬಡವರ ಕೇರಿಯೊಂದರಲ್ಲಿ ಬಾಡಿಗೆ ಮನೆ ಹಿಡಿದರು. ಇಲ್ಲಿ ಬಸ್ಸಿನಲ್ಲಿ ಭೇದವಿಲ್ಲ, ಓಟಿಗೆ ತಡೆಯಿಲ್ಲ. ಆದರೂ ಮುರುಕು ಮನೆ, ಹೆಚ್ಚು ಬಾಡಿಗೆ, ಕೆಲಸವಿಲ್ಲದ ಹುಡುಗರು. ಹೋಟೆಲಿನಲ್ಲಿ ಕೂರುವ ಹಕ್ಕು ಸಿಕ್ಕರೂ ತಿನ್ನಲು ದುಡ್ಡಿಲ್ಲದಿದ್ದರೆ ಏನು ಬಂತು ಎಂಬುದು ಅವರಿಗೆ ಅಲ್ಲಿ ಕಣ್ಣಾರೆ ಕಂಡಿತು. ಸಿಟ್ಟಾದ ಹುಡುಗರಿಗೆ ಹಿಂಸೆ ಬೇಡ ಎಂದು ಹೇಳಹೋದರೆ, ಮತ್ತೆ ನಮ್ಮ ಸರ್ಕಾರ ವಿಯೆಟ್ನಾಮಿನಲ್ಲಿ ಮಾಡುತ್ತಿರುವುದು ಏನು ಎಂದು ಅವರು ಕೇಳುತ್ತಿದ್ದರು. ಉತ್ತರ ಕೊಡಲಾಗುತ್ತಿರಲಿಲ್ಲ.

ಅದೇ ವರ್ಷ ಮೇ ಕೊನೆಯಲ್ಲಿ ಥಿಚ್ ನಾತ್ ಹಾನ್ ಶಿಕಾಗೋಗೆ ಬಂದು ಕಿಂಗ್ ಅವರನ್ನು ಕಂಡರು. ಇಬ್ಬರೂ ಒಟ್ಟಿಗೆ ಪತ್ರಕರ್ತರ ಮುಂದೆ ಕೂತರು. ಶಾಂತಿ ಕೇಳಿದ ತಪ್ಪಿಗೆ ಆ ಭಿಕ್ಷುವನ್ನು ಸ್ವದೇಶ ಮತ್ತೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವರು ತಾಯ್ನಾಡಿನ ಮಣ್ಣು ಮೆಟ್ಟಿದ್ದು 2005ರಲ್ಲಿ, 39 ವರ್ಷದ ನಂತರ.

1967ರ ಜನವರಿ. ಪುಸ್ತಕ ಬರೆಯಲು ಜಮೈಕಾಕ್ಕೆ ಹೊರಟಿದ್ದ ಕಿಂಗ್ ದಾರಿಯಲ್ಲಿ ಊಟಕ್ಕೆ ಕೂತು ರಾಂಪಾರ್ಟ್ಸ್ ಎಂಬ ಪತ್ರಿಕೆಯ ಹಾಳೆ ತಿರುವುತ್ತಿದ್ದರು. ಅದರಲ್ಲಿ ಯುದ್ಧದ ಬೆಂಕಿಯಲ್ಲಿ ಬೆಂದ ವಿಯೆಟ್ನಾಮಿನ ಮಕ್ಕಳ ಚಿತ್ರಗಳಿದ್ದವು. ಅವರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಜೊತೆಗಿದ್ದ ಗೆಳೆಯರು ಊಟ ರುಚಿಯಾಗಿಲ್ಲವೇ ಎಂದು ಕೇಳಿದರಂತೆ. ಈ ಯುದ್ಧ ನಿಲ್ಲಿಸಲು ನನ್ನ ಕೈಲಾದದ್ದು ಮಾಡುವವರೆಗೆ ಯಾವ ಊಟವೂ ರುಚಿಸದು ಎಂಬರ್ಥದ ಉತ್ತರ ಬಂತು. ಅಭಯನ ತೊಡೆಯ ಮೇಲಿನ ಮಗು ನನಗೆ ನೆನಪಾಗುವುದು ಇಲ್ಲಿ. ಕಾಲ ಬಂತೋ ಇಲ್ಲವೋ ಎಂಬ ಲೆಕ್ಕಾಚಾರ ಆ ಚಿತ್ರಗಳ ಮುಂದೆ ನಿಲ್ಲಲಿಲ್ಲ. ಅದೇ ತಿಂಗಳು ಅವರು ಥಿಚ್ ನಾತ್ ಹಾನ್ ಅವರ ಹೆಸರನ್ನು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸಿದರು. ಆ ವರ್ಷ ಪ್ರಶಸ್ತಿಯನ್ನು ಯಾರಿಗೂ ಕೊಡಲಿಲ್ಲ.

1967ರ ಏಪ್ರಿಲ್ 4. ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚು. ಯುದ್ಧದ ವಿರುದ್ಧ ಒಂದಾಗಿದ್ದ ಪಾದ್ರಿಗಳು, ಯೆಹೂದಿ ಗುರುಗಳು, ಭಕ್ತರ ಒಂದು ಕೂಟ ಆ ಸಭೆ ಕರೆದಿತ್ತು. ಮೂರು ಸಾವಿರ ಜನ ಸೇರಿದ್ದರು. ವೇದಿಕೆಯಲ್ಲಿ ರಬ್ಬಿ ಹೆಶೆಲ್ ಇದ್ದರು. ಯೂರೋಪಿನಲ್ಲಿ ನಾಜಿಗಳಿಂದ ತಾಯಿಯನ್ನೂ ಅಕ್ಕತಂಗಿಯರನ್ನೂ ಕಳೆದುಕೊಂಡವರು ಅವರು. ಲೋಕ ಸುಮ್ಮನಿದ್ದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕಿಂಗ್ ಆ ದಿನ ಭಾಷಣವನ್ನು ಬರೆದುಕೊಂಡು ಬಂದಿದ್ದರು, ಓದಿದರು. ತಮ್ಮ ಮೌನವನ್ನೇ ಮೊದಲು ಒಪ್ಪಿಕೊಂಡರು. ಬಡತನ ನೀಗಲು ಶುರುವಾದ ಯೋಜನೆಗಳ ಹಣವನ್ನು ಯುದ್ಧ ನುಂಗಿತು ಎಂದರು. ಒಂದೇ ಶಾಲೆಯಲ್ಲಿ ಒಟ್ಟಿಗೆ ಕೂರಿಸದ ಕರಿಯ, ಬಿಳಿಯ ಬಡ ಹುಡುಗರನ್ನು ದೂರದ ದೇಶದಲ್ಲಿ ಒಟ್ಟಿಗೆ ಸಾಯಲು ಕಳುಹಿಸುತ್ತಿದ್ದೇವೆ ಎಂದರು. ಬಡದೇಶಗಳಲ್ಲಿ ಬಂಡವಾಳ ಹೂಡಿ, ಅಲ್ಲಿನ ಜನರ ಗತಿ ನೋಡದೆ ಲಾಭವನ್ನಷ್ಟೇ ಹೊತ್ತು ತರುವುದು ನ್ಯಾಯವಲ್ಲ ಎಂದರು. ಭಿಕ್ಷುಕನಿಗೆ ಕಾಸು ಎಸೆದರೆ ಕರುಣೆ ಆಗಲಿಲ್ಲ, ಭಿಕ್ಷುಕರನ್ನು ಹುಟ್ಟಿಸುವ ಕಟ್ಟಡವನ್ನೇ ಬದಲಿಸಬೇಕು ಎಂದರು. ಜನಾಂಗ ದ್ವೇಷ, ಹಣದಾಸೆ, ಯುದ್ಧದಾಸೆ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂದರು. ನಮ್ಮ ಕೂಟದಲ್ಲಿ ಲೋಭ, ದ್ವೇಷ, ಮೋಹ ಎಂಬ ಮೂರು ಬೇರುಗಳನ್ನು ಎಷ್ಟು ಸಲ ಓದಿದ್ದೇವೆ. ಅವು ಒಬ್ಬರ ಮನಸ್ಸಿನಲ್ಲಿ ಮಾತ್ರ ಬೆಳೆಯುವುದಿಲ್ಲ, ಒಂದು ದೇಶದ ಆಯವ್ಯಯದಲ್ಲೂ ಬೆಳೆಯುತ್ತವೆ ಎಂದು ಆ ಪಾದ್ರಿ ತೋರಿಸಿದರು. ಕೂಟದಂತ ಸುತ್ತದಲ್ಲೂ ಇದೇ ಇದೆ. ಕಳ್ಳರನ್ನು ಕೊಂದರೆ ಕಳ್ಳತನ ನಿಲ್ಲದು, ರೈತನಿಗೆ ಬೀಜ, ವ್ಯಾಪಾರಿಗೆ ಬಂಡವಾಳ, ಕೆಲಸದವನಿಗೆ ಕೂಲಿ ಕೊಡು ಎಂಬ ಸಲಹೆ ಅಲ್ಲಿ ರಾಜನಿಗೆ ಸಿಗುತ್ತದೆ.

ಮಾರನೆಯ ದಿನದಿಂದ ಬೈಗುಳ ಸುರಿಯಿತು. ದೊಡ್ಡ ಪತ್ರಿಕೆಗಳು ಸಂಪಾದಕೀಯ ಬರೆದು ಖಂಡಿಸಿದವು. ಕರಿಯರ ಹಿರಿಯ ಸಂಘಟನೆಯಾದ ಎನ್‌ಎಎಸಿಪಿ ಒಂದೇ ವಾರದಲ್ಲಿ ನಿರ್ಣಯ ಮಾಡಿ, ಹಕ್ಕಿನ ಹೋರಾಟವನ್ನೂ ಶಾಂತಿಯ ಹೋರಾಟವನ್ನೂ ಬೆರೆಸುವುದು ತಪ್ಪು ಎಂದಿತು. ಅಧ್ಯಕ್ಷರ ಬಾಗಿಲು ಮುಚ್ಚಿತು. ಬಾಬಾಸಾಹೇಬರ *ಬುದ್ಧ ಮತ್ತು ಆತನ ಧಮ್ಮ* ಓದಿದವರಿಗೆ ಇದು ಹೊಸದಲ್ಲ. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಹೂಡಲು ಶಾಕ್ಯರ ಸಂಘ ಹೊರಟಾಗ, ಸಿದ್ಧಾರ್ಥ ಎದ್ದು ನಿಂತು ಬೇಡ ಎನ್ನುತ್ತಾನೆ. ಸಭೆಯಲ್ಲಿ ಸೋಲುತ್ತಾನೆ. ಮನೆ ಬಿಡುವ ದಾರಿ ಅಲ್ಲಿಂದಲೇ ತೆರೆಯುತ್ತದೆ. ತನ್ನವರ ನಡುವೆ ಒಂಟಿಯಾಗುವುದೇ ನಮ್ಮ ಶಾಸ್ತರ ಮೊದಲ ಹೆಜ್ಜೆ ಎಂದು ಬಾಬಾಸಾಹೇಬರು ನಮಗೆ ಕಲಿಸಿದ್ದಾರೆ.

ಒಂದು ಸಮಾಧಾನ ಆ ಮೇ ತಿಂಗಳಲ್ಲಿ ಸಿಕ್ಕಿತು. ಜಿನೀವಾದ ಶಾಂತಿ ಸಮ್ಮೇಳನದಲ್ಲಿ ಥಿಚ್ ನಾತ್ ಹಾನ್ ಮತ್ತೆ ಭೇಟಿಯಾದರು. ನಮ್ಮ ದೇಶದ ಜನ ನಿಮ್ಮನ್ನು ಬೋಧಿಸತ್ವ ಎಂದು ತಿಳಿದಿದ್ದಾರೆ ಎಂದು ಹೇಳಿದರಂತೆ. ಅದನ್ನು ಹೇಳಲು ಸಿಕ್ಕಿತಲ್ಲ ಎಂಬ ನೆಮ್ಮದಿಯನ್ನು ಆ ಭಿಕ್ಷು ಕೊನೆಯವರೆಗೂ ನೆನೆಯುತ್ತಿದ್ದರು.

ಕಿಂಗ್ ಎಲ್ಲ ಬಣ್ಣದ ಬಡವರನ್ನೂ ಸೇರಿಸಿ ರಾಜಧಾನಿಗೆ ಕರೆದೊಯ್ಯುವ ಚಳವಳಿ ಹೂಡಿದರು. ಅಷ್ಟರಲ್ಲಿ ಮೆಂಫಿಸ್ ನಗರದಿಂದ ಕರೆ ಬಂತು. 1968ರ ಫೆಬ್ರುವರಿ 1ರಂದು ಅಲ್ಲಿ ಮಳೆ. ಕಸ ಎತ್ತುವ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕರಿಯ ಕಾರ್ಮಿಕರು ನೆನೆಯದಿರಲು ಕಸದ ಲಾರಿಯ ಹಿಂಭಾಗದೊಳಗೆ ನಿಂತರು. ಕಸ ಅದುಮುವ ಯಂತ್ರ ತಾನಾಗಿ ಓಡಿ ಇಬ್ಬರನ್ನೂ ಅರೆದುಹಾಕಿತು. ಗಂಟೆ ಲೆಕ್ಕದ ಕೂಲಿಯವರಾದ್ದರಿಂದ ಕಾನೂನಿನ ಪರಿಹಾರ ಇಲ್ಲ. ಫೆಬ್ರುವರಿ 12ರಿಂದ 1,300 ಕಾರ್ಮಿಕರು ಕೆಲಸ ನಿಲ್ಲಿಸಿದರು. ತಾನೂ ಮನುಷ್ಯ ಎಂದು ಬರೆದ ಫಲಕವನ್ನು ಕೊರಳಿಗೆ ಹಾಕಿಕೊಂಡು ದಿನಾ ಬೀದಿಯಲ್ಲಿ ನಡೆದರು.

ಅವರ ಬೆನ್ನಿಗೆ ನಿಂತದ್ದು ಊರಿನ ಚರ್ಚುಗಳು. ಮುಂದಾಳು ಜೇಮ್ಸ್ ಲಾಸನ್ ಎಂಬ ಪಾದ್ರಿ. ಕೊರಿಯಾ ಯುದ್ಧಕ್ಕೆ ಹೋಗೆನೆಂದು ಜೈಲು ಕಂಡವರು, ಆಮೇಲೆ 1953ರಿಂದ 1956ರವರೆಗೆ ನಮ್ಮ ದೀಕ್ಷಾಭೂಮಿಯ ಊರಾದ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಇದ್ದು ಅಹಿಂಸೆಯನ್ನು ಕಲಿತವರು. ಅವರೇ ಕಿಂಗ್ ಅವರನ್ನು ಕರೆಸಿದರು. ದೇಶವೆಲ್ಲ ಸುತ್ತಬೇಕಾದವರಿಗೆ ಒಂದು ಊರಿನ ಕಸದವರ ಜಗಳ ಯಾಕೆ ಎಂದು ಜೊತೆಗಾರರು ಮತ್ತೆ ತಡೆದರು. ಈ ಸಲ ಕಿಂಗ್ ಎರಡು ವರ್ಷ ಕಾಯಲಿಲ್ಲ, ಹೋದರು. ಮಾರ್ಚ್ 28ರ ಮೆರವಣಿಗೆಯಲ್ಲಿ ಗಲಭೆಯಾಗಿ, 16 ವರ್ಷದ ಹುಡುಗನೊಬ್ಬ ಪೊಲೀಸರ ಗುಂಡಿಗೆ ಸತ್ತ. ನೊಂದುಕೊಂಡರು, ಆದರೂ ಮತ್ತೆ ಬಂದರು. ಏಪ್ರಿಲ್ 4ರ ಸಂಜೆ, ರಿವರ್‌ಸೈಡ್ ಭಾಷಣಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಲೊರೇನ್ ಮೋಟೆಲಿನ ಮೊಗಸಾಲೆಯಲ್ಲಿ ನಿಂತಿದ್ದಾಗ ಅವರಿಗೆ ಗುಂಡು ಬಿತ್ತು. 39 ವರ್ಷ.

ನಾಲ್ಕು ದಿನದ ನಂತರ, ಇನ್ನೂ ಮಣ್ಣು ಮಾಡಿರಲಿಲ್ಲ, ಕೊರೆಟಾ ಮಕ್ಕಳ ಜೊತೆ ಮೆಂಫಿಸಿಗೆ ಬಂದು ಅದೇ ಕಾರ್ಮಿಕರ ಮುಂದೆ ನಡೆದರು. ಏಪ್ರಿಲ್ 16ರಂದು ನಗರಾಡಳಿತ ಕಾರ್ಮಿಕರ ಸಂಘವನ್ನು ಒಪ್ಪಿ, ಕೂಲಿ ಹೆಚ್ಚಿಸಿತು.

ಈಗ ನನ್ನ ಮಾತು.

ನಾನು ಒಂದು ಕಚೇರಿಯಲ್ಲಿ ಲೆಕ್ಕದ ಗುಮಾಸ್ತನಾಗಿದ್ದೆ. ಗುತ್ತಿಗೆ ಮೇಲೆ ಬೀದಿ ಗುಡಿಸುವವರ ಬಿಲ್ಲು ನನ್ನ ಮೇಜಿನ ಮೇಲೆ ಬರುತ್ತಿತ್ತು. ಹನ್ನೊಂದು ಜನರ ಕೂಲಿಯಲ್ಲಿ ಪಿಎಫ್ ಹಿಡಿಯುತ್ತಿದ್ದರು, ಕಟ್ಟಿದ ಚಲನ್ ಮಾತ್ರ ಬರುತ್ತಿರಲಿಲ್ಲ. ಮೇಲಿನವರಿಗೆ ಹೇಳಿದೆ. ಆಡಿಟ್ ಬರಲಿ, ಆಗ ನೋಡೋಣ, ಈಗ ಸಮಯವಲ್ಲ ಎಂದರು. ಮಗಳ ಮದುವೆ ಹತ್ತಿರವಿತ್ತು, ವರ್ಗಾವಣೆಯ ಭಯವಿತ್ತು. ತಾಳೋಣ ಎಂದುಕೊಂಡೆ. ಆಡಿಟ್ ಬರುವ ಹೊತ್ತಿಗೆ ಗುತ್ತಿಗೆದಾರ ಬದಲಾಗಿದ್ದ. ಆಮೇಲೆ ನಾನೂ ನಿವೃತ್ತನಾದೆ. ಆ ಹನ್ನೊಂದು ಜನರಲ್ಲಿ ಒಬ್ಬರು ಈಗಲೂ ನಮ್ಮ ಬೀದಿ ಗುಡಿಸುತ್ತಾರೆ. ದಿನಾ ಬೆಳಿಗ್ಗೆ, ತಿಂಡಿ ಆಯ್ತಾ ಅಣ್ಣ ಎಂದು ನನ್ನನ್ನು ಕೇಳುತ್ತಾರೆ. ಇಷ್ಟು ವರ್ಷ ನಾನು ಆಯ್ತಮ್ಮ ಎಂದಷ್ಟೇ ಹೇಳಿ ಒಳಗೆ ಬರುತ್ತಿದ್ದೆ. ಸಂಜೆ ಕೂತು ಮೆತ್ತಾ ಧ್ಯಾನ ಮಾಡುತ್ತಿದ್ದೆ.

ಭಾನುವಾರದ ಸಭೆಯ ಮಾರನೆಯ ದಿನ ಅವರನ್ನು ನಿಲ್ಲಿಸಿ ನಡೆದದ್ದೆಲ್ಲ ಹೇಳಿದೆ. ಅವರು ಪೊರಕೆ ಹಿಡಿದುಕೊಂಡೇ ಕೇಳಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಆಗಲೇ ಹೇಳಿದ್ದರೆ ಚೆನ್ನಾಗಿತ್ತು ಅಣ್ಣ ಎಂದು ಮುಂದಿನ ಮನೆಯ ಕಡೆ ಗುಡಿಸುತ್ತಾ ಹೋದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಅದನ್ನು ಕೇಳುವ ಅರ್ಹತೆ ನನಗೂ ಇಲ್ಲ. ಈಗ ಅವರ ಹಳೆಯ ಪಿಎಫ್ ನಂಬರ್ ಹುಡುಕಲು ಶುರು ಮಾಡಿದ್ದೇನೆ. ಸಿಗುತ್ತದೋ ಇಲ್ಲವೋ. ಉಳಿದವರನ್ನೂ ಹುಡುಕಬೇಕು. ಕೂಟದಲ್ಲಿ ಈ ಕಾಗದಪತ್ರ ತಿಳಿದವರು ಇದ್ದರೆ ದಯವಿಟ್ಟು ನನಗೆ ಕೈಜೋಡಿಸಿ.

ನಮ್ಮ ಹುಡುಗ ಕೇಳಿದ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇಷ್ಟು. ಸಮಯವಲ್ಲ ಎಂದು ನಾವು ಅಂದುಕೊಂಡಾಗ, ತಾಳುತ್ತಿರುವುದು ಯಾರು, ಆ ತಾಳ್ಮೆಯ ಬೆಲೆ ತೆರುತ್ತಿರುವುದು ಯಾರು ಎಂದು ನೋಡಬೇಕು. ತಾಳುವವರು ನಾವು, ಬೆಲೆ ತೆರುವವರು ಬೇರೆಯವರು ಆಗಿದ್ದರೆ ಕಾಲ ಬಂದಾಗಿದೆ. ಹಿರಿಯರ ಮಾತಿಗೂ ನನ್ನ ಗೌರವವಿದೆ. ದ್ವೇಷದಿಂದ, ಪಕ್ಷ ಕಟ್ಟಿಕೊಂಡು ಮಾತಾಡಿದರೆ ಅದು ಸಮ್ಯಕ್ ವಾಕ್ ಅಲ್ಲ. ಆದರೆ ಮಗುವಿನ ಗಂಟಲಲ್ಲಿ ಹರಳು ಸಿಕ್ಕಿರುವಾಗ ಸುಮ್ಮನೆ ಕೂರುವುದೂ ಸಮ್ಯಕ್ ವಾಕ್ ಅಲ್ಲ.

*ಇಂದಿನ ಅಭ್ಯಾಸ:* ಹತ್ತು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕೂತು, ಇನ್ನೊಬ್ಬರಿಗೆ ಹಿತವಾಗುವ ಯಾವ ನಿಜವನ್ನು ನಾನು ಮುಂದೂಡುತ್ತಿದ್ದೇನೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಒಂದೇ ಒಂದು ಸಾಕು. ಯಾರಿಗೆ ಹೇಳಬೇಕೋ ಅವರಿಗೆ ಈ ವಾರದೊಳಗೆ, ಕರುಣೆಯಿಂದ, ಹೇಳಿ.

ಭಾನುವಾರ ಸಂಜೆ ಎಂದಿನಂತೆ ಸೇರೋಣ. ಪ್ರಶ್ನೆ ಕೇಳಿದ ಹುಡುಗ ತಪ್ಪದೆ ಬರಲಿ.

ಎಲ್ಲರಿಗೂ ಮಂಗಳವಾಗಲಿ 🙏